ಬೈರಿಗೆಯನ್ನು ತಿನ್ನುವ ಲೋಹ

ಊಟಕ್ಕೆ ಕುಳಿತಾಗ ಮೆತ್ತನೆಯ ಅನ್ನದ ತುತ್ತಿನಲ್ಲಿ ಸಣ್ಣದೊಂದು ಕಲ್ಲು ಹಲ್ಲಿಗೆ ಸಿಕ್ಕಿ ಕಟಕ್ಕೆಂದಾಗ ಆಗುವ ಅನುಭವ ಯಾರಿಗೆ ತಾನೆ ತಿಳಿಯದು? ತುತ್ತಿನ ಬಹುಪಾಲೆಲ್ಲ ಮೃದುವಾದ ಅನ್ನವೇ. ಆದರೂ ಆ ಕ್ಷಣದಲ್ಲಿ ಹಲ್ಲಿನ ಗತಿಯನ್ನು ನಿರ್ಣಯಿಸುವುದು ಆ ಒಂದು ಕಲ್ಲು. ಈ ಲೇಖನದಲ್ಲಿ ನಾವು ಪರಿಶೀಲಿಸಲಿರುವ ವಿಷಯದ ಸಾರವೆಲ್ಲ ಈ ಚಿಕ್ಕ ಮಾತಿನಲ್ಲಿ ಅಡಗಿದೆ.

ಕೆಲವು ಕಾಲದ ಹಿಂದೆ, ಬೆಳಕಿನ ವ್ಯತಿಕರಣವನ್ನು ತೋರಿಸುವ ಉಪಕರಣವೊಂದರ ಪೀಠಕ್ಕಾಗಿ, ಅಂಗೈಯಗಲದ ಫಲಕವೊಂದರಲ್ಲಿ ಎಂಟು ರಂಧ್ರಗಳನ್ನು ಕೊರೆಯಿಸಬೇಕಾಗಿ ಬಂದಿತು. ಅದನ್ನು ಹಿಡಿದುಕೊಂಡು ನಾನು ಬೆಂಗಳೂರಿನ ಪೀಣ್ಯದಲ್ಲಿರುವ ಸಣ್ಣ ವರ್ಕ್‌ಶಾಪೊಂದಕ್ಕೆ ಹೋದೆನು. ಅಲ್ಲಿಯ ಮೇಸ್ತ್ರಿಯವರು ಮೂವತ್ತು ವರ್ಷ ಲೇತಿನ ಮುಂದೆ ನಿಂತು ಪಳಗಿದವರು. ಫಲಕವನ್ನು ಕೈಯಲ್ಲಿ ತೂಗಿ ನೋಡಿ, “ಅಲ್ಯೂಮಿನಿಯಂ ತಾನೆ ಸಾರ್? ಕೂತ್ಕೊಳ್ಳಿ, ಕಾಫಿ ಕುಡಿಯೋದರೊಳಗೆ ಆಗಿಹೋಗುತ್ತೆ” ಎಂದರು. ಮೊದಲನೆಯ ರಂಧ್ರ ಕಿರುಗುಟ್ಟುತ್ತ ಮುಗಿಯಿತು. ಎರಡನೆಯದರಲ್ಲಿ ಹೊಗೆ ಕಾಣಿಸಿತು. ಮೂರನೆಯದರಲ್ಲಿ ಬೈರಿಗೆ ಗರಗರನೆ ತಿರುಗಿತೇ ಹೊರತು ಒಂದು ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ತೆಗೆದು ನೋಡಿದರೆ ಅದರ ಹರಿತವಾದ ಮೂಲೆಗಳೆರಡೂ ಉಜ್ಜಿದಂತೆ ಉರುಟಾಗಿದ್ದವು.

ಮೇಸ್ತ್ರಿಯವರು ಬೈರಿಗೆಯದೇ ದೋಷವೆಂದು ಹೊಸದೊಂದನ್ನು ಹಾಕಿದರು. ಈ ಬಾರಿ ಜಾಗರೂಕತೆಯಿಂದ, ಎಳೆಗೂಸನ್ನು ಮುಟ್ಟುವಂತೆ, ಮೆಲ್ಲಮೆಲ್ಲನೆ ಇಳಿಸಿದರು. ಅದು ಮೊದಲಿನದಕ್ಕಿಂತಲೂ ಬೇಗ ಸತ್ತಿತು. “ಇದೇನು ಸಾರ್, ಅಲ್ಯೂಮಿನಿಯಮ್ಮೋ ಗಾರೆಯೋ?” ಎಂದು ಅವರು ನನ್ನ ಮುಖವನ್ನು ನೋಡಿದರು. ಅವರಿಗೆ ತಮಾಷೆಯಾಗಿದ್ದ ಆ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಆ ಫಲಕ ಬರಿಯ ಅಲ್ಯೂಮಿನಿಯಮ್ಮಲ್ಲವೆಂಬುದು ನನಗೆ ತಿಳಿದಿತ್ತು; ಹೇಳಬೇಕೆಂದು ಮಾತ್ರ ತೋರಿರಲಿಲ್ಲ. ಈ ತಪ್ಪಿನ ಪೂರ್ಣ ಬೆಲೆ ಏನೆಂಬುದನ್ನು ಲೇಖನದ ಕೊನೆಯಲ್ಲಿ ನೋಡೋಣ.

ಲೋಹದೊಳಗಣ ಕಲ್ಲು

ಬೇರೆ ಬೇರೆ ಗುಣಗಳುಳ್ಳ ಎರಡು ಪದಾರ್ಥಗಳನ್ನು, ಅವು ಒಂದರಲ್ಲೊಂದು ಕರಗದಂತೆ ಬೆಸೆದು, ಎರಡರ ಗುಣವನ್ನೂ ಒಂದೆಡೆ ಪಡೆಯುವುದು ಹಳೆಯ ಉಪಾಯ. ಹುಲ್ಲು ಬೆರೆಸಿದ ಮಣ್ಣಿನ ಗೋಡೆಯೂ ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟೂ ಇದಕ್ಕೆ ನಿದರ್ಶನಗಳು. ಇಂತಹ ದ್ರವ್ಯಗಳಿಗೆ ಕಾಂಪೊಸಿಟ್ ಅಥವಾ ಸಮ್ಮಿಶ್ರ ದ್ರವ್ಯಗಳೆಂದು ಹೆಸರು. ನನ್ನ ಫಲಕದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಒಡಲಿನೊಳಗೆ, ಗಾತ್ರದಲ್ಲಿ ನೂರಕ್ಕೆ ೨೦ ಪಾಲಿನಷ್ಟು, ಸಿಲಿಕಾನ್ ಕಾರ್ಬೈಡ್ ಎಂಬ ಸಿರಾಮಿಕ್ ಪದಾರ್ಥದ ಸೂಕ್ಷ್ಮ ಹರಳುಗಳು ಹುದುಗಿದ್ದವು.

ಈ ಮಿಶ್ರಣದಿಂದ ಲಾಭವೇನು? ಅಲ್ಯೂಮಿನಿಯಮ್ಮಿನ ಸಾಂದ್ರತೆ ೨.೭, ಸಿಲಿಕಾನ್ ಕಾರ್ಬೈಡಿನದು ೩.೨. ಮಿಶ್ರಣದ ಸಾಂದ್ರತೆ ೨.೮ ಆಗುತ್ತದೆ. ಎಂದರೆ ತೂಕ ಹೆಚ್ಚಿತೆಂಬುದು ಕೈಗೆ ತಿಳಿಯುವುದೇ ಇಲ್ಲ. ಆದರೆ ಬಾಗದೆ ನಿಲ್ಲುವ ಬಿಗುವು ಒಂದೂವರೆ ಪಟ್ಟಿನ ಸಮೀಪಕ್ಕೆ ಏರುತ್ತದೆ. ಕಾಯಿಸಿದಾಗ ಹಿಗ್ಗುವುದು ಕಡಮೆಯಾಗುತ್ತದೆ. ಉಜ್ಜಿದರೆ ಸವೆಯುವುದೂ ಕಡಮೆಯಾಗುತ್ತದೆ. ೧೯೮೩ರಲ್ಲಿ ಜಪಾನಿನ ಟೊಯೊಟ ಸಂಸ್ಥೆಯವರು ಡೀಸೆಲ್ ಎಂಜಿನ್ನಿನ ಅಲ್ಯೂಮಿನಿಯಂ ಕೊಂತವನ್ನು ಸಿರಾಮಿಕ್ ಎಳೆಗಳಿಂದ ಬಲಪಡಿಸಿದ್ದು ಈ ಗುಣಗಳಿಗಾಗಿಯೇ.

ಸಿಲಿಕಾನ್ ಕಾರ್ಬೈಡಿನ ಜನ್ಮಕಥೆಯೂ ಸ್ವಾರಸ್ಯವಾದುದು. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಆಚಿಸನ್ ಎಂಬುವನು ಕಬ್ಬಿಣದ ಬೋಗುಣಿಯೊಂದರಲ್ಲಿ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ಬೆರೆಸಿ, ನಡುವೆ ಇಂಗಾಲದ ಕಡ್ಡಿಯನ್ನಿಟ್ಟು, ಪ್ರಬಲವಾದ ವಿದ್ಯುತ್ಪ್ರವಾಹವನ್ನು ಹರಿಯಿಸಿದನು. ಆರಿದ ಮೇಲೆ ಕಡ್ಡಿಯ ತುದಿಯಲ್ಲಿ ಹೊಳೆಯುವ ಕೆಲವು ಸಣ್ಣ ಹರಳುಗಳು ಕಂಡುವು. ಒಂದನ್ನು ಪೆನ್ಸಿಲಿನ ತುದಿಗೆ ಸಿಕ್ಕಿಸಿ ಗಾಜಿನ ಮೇಲೆ ಎಳೆದಾಗ ಅದು ವಜ್ರದಂತೆ ಗಾಜನ್ನು ಗೀರಿತು. ಇಂಗಾಲವೂ ಕೊರಂಡಮ್ ಎಂಬ ಕಲ್ಲೂ ಕೂಡಿ ಇದಾಗಿರಬೇಕೆಂದು ತಪ್ಪಾಗಿ ಊಹಿಸಿ ಅವನು ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಊಹೆ ಸುಳ್ಳಾಯಿತು, ಹೆಸರು ಉಳಿಯಿತು. ಆ ಹೆಸರಿನ ಉತ್ತರಾರ್ಧ ನಮ್ಮ ದಕ್ಷಿಣ ಭಾರತದ್ದೇ. ಸಾಣೆಗಾರರು ಬಳಸುತ್ತಿದ್ದ ‘ಕುರುಂದ’ದ ಕಲ್ಲಿನ ಹೆಸರೇ ಇಂಗ್ಲಿಷಿಗೆ ಹೋಗಿ ಕೊರಂಡಮ್ ಆಯಿತು.

ಗಡಸುತನದ ಲೆಕ್ಕ

ಒಂದು ವಸ್ತು ಮತ್ತೊಂದನ್ನು ಗೀರಬೇಕಾದರೆ ಅದಕ್ಕಿಂತ ಗಡಸಾಗಿರಬೇಕು. ಇದೇ ನಿಯಮವನ್ನು ಆಧರಿಸಿ ೧೮೧೨ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು ಹತ್ತು ಮೆಟ್ಟಿಲುಗಳ ಶ್ರೇಣಿಯನ್ನು ರಚಿಸಿದನು. ಇಂದಿನ ಕಾರ್ಖಾನೆಗಳಿಗೆ ಅದು ಸಾಲದು. ವಜ್ರದ ಚಿಕ್ಕ ಮೊನೆಯೊಂದನ್ನು ಗೊತ್ತಾದ ಭಾರದಿಂದ ವಸ್ತುವಿನ ಮೇಲೆ ಒತ್ತಿ, ಮೂಡಿದ ಗುಳಿಯ ವಿಸ್ತೀರ್ಣದಿಂದ ಭಾರವನ್ನು ಭಾಗಿಸಿ, ಚದರ ಮಿಲಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಗಡಸುತನವನ್ನು ಹೇಳುವುದು ಈಗಿನ ಪದ್ಧತಿ.

ಈ ಅಳತೆಯಲ್ಲಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು ೧೦೦. ಸಾಮಾನ್ಯ ಬೈರಿಗೆಯನ್ನು ಮಾಡುವ ಹೈಸ್ಪೀಡ್ ಉಕ್ಕು ಸುಮಾರು ೮೫೦. ಟಂಗ್‌ಸ್ಟನ್ ಕಾರ್ಬೈಡ್ ಉಳಿಗಳು ೧,೪೦೦ರಿಂದ ೧,೮೦೦ರವರೆಗೆ. ಸಿಲಿಕಾನ್ ಕಾರ್ಬೈಡ್ ಸುಮಾರು ೨,೫೦೦. ವಜ್ರ ೭,೦೦೦ಕ್ಕೂ ಮೇಲೆ. ಈ ಐದು ಅಂಕೆಗಳನ್ನು ಒಂದು ಸಲ ನೋಡಿದರೆ ಮೇಸ್ತ್ರಿಯವರ ಬೈರಿಗೆಗಳ ಕಥೆ ತಾನಾಗಿ ತಿಳಿಯುತ್ತದೆ. ಅಲ್ಯೂಮಿನಿಯಮ್ಮಿಗಿಂತ ಎಂಟು ಪಟ್ಟು ಗಡಸಾದ ಉಕ್ಕು ಅದನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಆದರೆ ಅದೇ ಉಕ್ಕು ಸಿಲಿಕಾನ್ ಕಾರ್ಬೈಡಿನ ಮೂರನೆಯ ಒಂದರಷ್ಟು ಮಾತ್ರ ಗಡಸು. ಆ ಹರಳಿಗೆ ಬೈರಿಗೆಯೇ ಬೆಣ್ಣೆ.

ಹಾಗಾದರೆ ಬೈರಿಗೆ ಎಷ್ಟು ಹರಳುಗಳನ್ನು ಎದುರಿಸಬೇಕಾಗುವುದು? ಲೆಕ್ಕ ಸುಲಭವಾದುದು. ಹರಳಿನ ವ್ಯಾಸ ಒಂದು ಮಿಲಿಮೀಟರಿನ ೫೦ರಲ್ಲಿ ಒಂದು ಪಾಲು, ಎಂದರೆ ೨೦ ಮೈಕ್ರಾನ್, ಎಂದಿಟ್ಟುಕೊಳ್ಳೋಣ. ಅದನ್ನು ಗೋಳವೆಂದು ಭಾವಿಸಿ ಗಾತ್ರವನ್ನು ಕಂಡುಹಿಡಿದರೆ, ಒಂದು ಘನ ಸೆಂಟಿಮೀಟರಿನ ಐದನೆಯ ಒಂದು ಪಾಲನ್ನು ತುಂಬಲು ೪ ಕೋಟಿ ೮೦ ಲಕ್ಷದಷ್ಟು ಹರಳುಗಳು ಬೇಕಾಗುತ್ತವೆ. ೬ ಮಿಲಿಮೀಟರ್ ಅಗಲ, ೧೦ ಮಿಲಿಮೀಟರ್ ಆಳದ ಒಂದು ರಂಧ್ರದಿಂದ ಹೊರಬರುವ ಲೋಹ ೦.೨೮ ಘನ ಸೆಂಟಿಮೀಟರು. ಅದರಲ್ಲಿ ೧ ಕೋಟಿ ೩೫ ಲಕ್ಷ ಹರಳುಗಳಿರುತ್ತವೆ. ಒಂದೇ ರಂಧ್ರಕ್ಕೆ ಇಷ್ಟು ಕಲ್ಲುಗಳನ್ನು ಅಗಿದ ಹಲ್ಲು ಉಳಿಯುವುದಾದರೂ ಹೇಗೆ?

ಮೂರು ತಲೆಮಾರಿನ ಉಳಿಗಳು

ಉಳಿಯ ಚರಿತ್ರೆಯೆಂದರೆ ಗಡಸುತನದ ಮೆಟ್ಟಿಲುಗಳನ್ನು ಏರಿದ ಚರಿತ್ರೆ. ೧೮೯೮ರಿಂದ ೧೯೦೦ರ ಅವಧಿಯಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬುವರು ಕೆಂಪಗೆ ಕಾದರೂ ಹರಿತ ಕೆಡದ ಹೈಸ್ಪೀಡ್ ಉಕ್ಕನ್ನು ಬಳಕೆಗೆ ತಂದರು. ೧೯೨೩ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ಲೋಹದಿಂದ ಬೆಸೆಯುವ ವಿಧಾನವನ್ನು ಕಂಡುಹಿಡಿದನು. ೧೯೨೬ರಲ್ಲಿ ಕ್ರುಪ್ ಸಂಸ್ಥೆ ಅದನ್ನು ‘ವಿಡಿಯ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ‘ವಜ್ರದಂತೆ’ ಎಂಬರ್ಥದ ಜರ್ಮನ್ ಪದಗಳನ್ನು ಮೊಟಕುಮಾಡಿ ಆ ಹೆಸರಿಟ್ಟರು. ಈ ಉಳಿಯೂ ಒಂದು ಕಾಂಪೊಸಿಟೇ ಎಂಬುದನ್ನು ಗಮನಿಸಬೇಕು: ಗಡಸಾದ ಹರಳು, ಅದನ್ನು ಹಿಡಿದಿಡುವ ಮೆದುಲೋಹ. ನನ್ನ ಫಲಕವನ್ನು ಕೊರೆಯುವುದೆಂದರೆ ಒಂದು ಕಾಂಪೊಸಿಟಿನ ಮೇಲೆ ಇನ್ನೊಂದನ್ನು ಕುಸ್ತಿಗೆ ಬಿಟ್ಟಂತೆ. ವಿಡಿಯ ಉಳಿ ಉಕ್ಕಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ನಾಲ್ಕಾರು ಫಲಕಗಳ ಕೆಲಸಕ್ಕೆ ಸಾಕು. ಆದರೂ ಅದು ಎದುರಾಳಿಗಿಂತ ಮೆದುವಾದುದರಿಂದ ಕೊನೆಗೆ ಸೋಲುವುದು ಅದೇ.

ಮೂರನೆಯ ಮೆಟ್ಟಿಲು ವಜ್ರ. ೧೯೫೪ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಟ್ರೇಸಿ ಹಾಲ್ ಕೃತಕ ವಜ್ರವನ್ನು ತಯಾರಿಸಿದನು. ೧೯೫೫ರಲ್ಲಿ ಅದು ಲೋಕಕ್ಕೆ ತಿಳಿಯಿತು. ೧೯೭೦ರ ದಶಕದಲ್ಲಿ ಇಂತಹ ವಜ್ರದ ಪುಡಿಯನ್ನು ಒತ್ತಡದಲ್ಲಿ ಬೆಸೆದು ಬಿಲ್ಲೆ ಮಾಡಿ ಉಳಿಯ ತುದಿಗೆ ಅಂಟಿಸುವ ಪದ್ಧತಿ ಬಂದಿತು. ಸಿಲಿಕಾನ್ ಕಾರ್ಬೈಡ್ ಹರಳುಗಳುಳ್ಳ ಅಲ್ಯೂಮಿನಿಯಮ್ಮಿಗೆ ಇದೇ ತಕ್ಕ ಆಯುಧ. ವಜ್ರ ಗಡಸು ಮಾತ್ರವಲ್ಲ, ಶಾಖವನ್ನು ತಾಮ್ರಕ್ಕಿಂತ ನಾಲ್ಕೈದು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದ್ದರಿಂದ ಅದರ ಮೊನೆ ತಂಪಾಗಿರುತ್ತದೆ. ಹಾಗೆಂದು ವಜ್ರದ ಉಳಿಯಿಂದ ಉಕ್ಕನ್ನು ಕೊಯ್ಯಹೊರಟರೆ ನಷ್ಟವಾಗುವುದು. ವಜ್ರವೆಂಬುದು ಇಂಗಾಲವೇ, ಕಾದ ಕಬ್ಬಿಣ ಇಂಗಾಲವನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಬೆಲೆಬಾಳುವ ಮೊನೆ ಆ ಕಬ್ಬಿಣದೊಳಗೇ ಮಾಯವಾಗುತ್ತದೆ.

ಮೆಲ್ಲಗೆ ಕೊರೆದರೆ ಒಳ್ಳೆಯದೇ?

ಈಗ ಮೇಸ್ತ್ರಿಯವರ ಎರಡನೆಯ ಬೈರಿಗೆಯ ಪ್ರಶ್ನೆಗೆ ಬರೋಣ. ಅದನ್ನು ಅಷ್ಟು ಮೃದುವಾಗಿ ಇಳಿಸಿದರೂ ಬೇಗ ಕೆಟ್ಟದ್ದೇಕೆ?

ಸಾಮಾನ್ಯ ಲೋಹವನ್ನು ಕೊಯ್ಯುವಾಗ ಉಳಿಯ ಮುಖ್ಯ ಶತ್ರು ಶಾಖ. ಇಲ್ಲಿ ಶಾಖದೊಡನೆ ಘರ್ಷಣೆಯೂ ಸೇರಿ, ಸವೆತವು ಬಹುಮಟ್ಟಿಗೆ ಉಳಿಯ ಅಂಚು ಹರಳುಗಳ ಮೇಲೆ ಎಷ್ಟು ದೂರ ಉಜ್ಜಿಕೊಂಡು ಹೋಯಿತೆಂಬುದನ್ನು ಅವಲಂಬಿಸುತ್ತದೆ. ೬ ಮಿಲಿಮೀಟರಿನ ಬೈರಿಗೆ ಒಂದು ಸುತ್ತಿಗೆ ೦.೧ ಮಿಲಿಮೀಟರ್ ಇಳಿದರೆ, ೧೦ ಮಿಲಿಮೀಟರ್ ಆಳಕ್ಕೆ ೧೦೦ ಸುತ್ತು ಬೇಕು. ಅದರ ಹೊರಮೂಲೆ ಒಂದು ಸುತ್ತಿಗೆ ೧೮.೮ ಮಿಲಿಮೀಟರ್ ನಡೆಯುವುದರಿಂದ ಒಟ್ಟು ದೂರ ೧.೯ ಮೀಟರು. ಇಳಿತವನ್ನು ೦.೦೫ ಮಿಲಿಮೀಟರಿಗೆ ತಗ್ಗಿಸಿದರೆ ೨೦೦ ಸುತ್ತು, ೩.೮ ಮೀಟರು. ರಂಧ್ರ ಅದೇ, ಉಜ್ಜಾಟ ಎರಡರಷ್ಟು! ಇನ್ನೂ ಮೆಲ್ಲಗೆ ಇಳಿಸಿದರೆ ಅಂಚು ಲೋಹದೊಳಗೆ ಕಚ್ಚುವುದನ್ನೇ ಬಿಟ್ಟು ಮೇಲೆಯೇ ತಿಕ್ಕುತ್ತ ಕಾಯುತ್ತದೆ. ಆದುದರಿಂದ ಇಂತಹ ದ್ರವ್ಯದಲ್ಲಿ ಸುತ್ತಿನ ವೇಗವನ್ನು ತಗ್ಗಿಸಿ, ಇಳಿತವನ್ನು ಧೈರ್ಯವಾಗಿ ಹೆಚ್ಚಿಸಬೇಕು. ದಯೆ ತೋರಿದಷ್ಟೂ ಉಳಿಗೆ ಆಯುಷ್ಯ ಕಡಮೆ ಎಂಬುದು ವಿಚಿತ್ರವಾಗಿ ತೋರಿದರೂ ಲೆಕ್ಕಕ್ಕೆ ಸರಿಯಾದುದು. ಆದರೆ ಇಳಿತವನ್ನು ಮಿತಿಮೀರಿ ಹೆಚ್ಚಿಸಿದರೆ ಬೈರಿಗೆ ಮುರಿಯುವುದೂ, ರಂಧ್ರ ಹೊರಬೀಳುವ ಕಡೆಯಲ್ಲಿ ಅಂಚು ಸಿಡಿಯುವುದೂ ಉಂಟು. ಇದಕ್ಕಾಗಿ ಫಲಕದ ಕೆಳಗೆ ಬೇರೊಂದು ಹಲಗೆಯನ್ನು ಬಿಗಿಯಾಗಿ ಒತ್ತಿ ಹಿಡಿಸಬೇಕು.

ಬರಿಯ ಸಿರಾಮಿಕ್ಕಾದರೆ?

ನನ್ನ ಫಲಕದಲ್ಲಿ ಹರಳನ್ನು ಹಿಡಿದಿದ್ದುದು ಲೋಹ. ಲೋಹಕ್ಕೆ ಬಗ್ಗುವ ಗುಣವಿರುವುದರಿಂದ ಅದು ಸುರುಳಿಯಾಗಿಯೋ ತುಣುಕಾಗಿಯೋ ಉಳಿಯ ಮುಂದೆ ಹರಿದುಬರುತ್ತದೆ. ಒಡಲೂ ಎಳೆಯೂ ಎರಡೂ ಸಿರಾಮಿಕ್ಕೇ ಆಗಿರುವ ಕಾಂಪೊಸಿಟುಗಳಿವೆ. ಸಿಲಿಕಾನ್ ಕಾರ್ಬೈಡಿನ ಒಡಲಿನಲ್ಲಿ ಅದರದೇ ಎಳೆಗಳನ್ನು ನೆಯ್ದು ಮಾಡಿದ ಭಾಗಗಳು ೨೦೧೬ರಲ್ಲಿ ಪ್ರಯಾಣಿಕ ವಿಮಾನಗಳ ಸೇವೆಗೆ ಬಂದ ಲೀಪ್ ಎಂಬ ಎಂಜಿನ್ನಿನೊಳಗೆ, ಉರಿಯುವ ಅನಿಲದ ನಡುವೆ, ಕೆಲಸಮಾಡುತ್ತವೆ. ಅವುಗಳ ತೂಕ ನಿಕ್ಕಲ್ ಮಿಶ್ರಲೋಹದ ಮೂರನೆಯ ಒಂದರಷ್ಟು ಮಾತ್ರ. ಇವುಗಳನ್ನು ಕೊಯ್ಯುವ ರೀತಿಯೇ ಬೇರೆ.

೧೯೨೧ರಲ್ಲಿ ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರು ಗಾಜಿನಂತಹ ಪೆಡಸು ವಸ್ತುಗಳ ರಹಸ್ಯವನ್ನು ವಿವರಿಸಿದನು. ಅವುಗಳ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಳೆದಾಗ ಒತ್ತಡವೆಲ್ಲ ಬಿರುಕಿನ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಬಿರುಕು ಒಂದು ಮಿತಿಯನ್ನು ದಾಟಿದೊಡನೆ ತಾನೇ ಓಡಿ ವಸ್ತುವನ್ನು ಇಬ್ಭಾಗ ಮಾಡುತ್ತದೆ. ಆದುದರಿಂದ ಸಿರಾಮಿಕ್ಕನ್ನು ಒರಟಾಗಿ ಕೊಯ್ಯುವುದೆಂದರೆ ಅದರ ಮೈಯಲ್ಲಿ ಮುಂದಿನ ಒಡಕಿಗೆ ಬೀಜ ಬಿತ್ತಿದಂತೆ. ಅಳತೆಯಲ್ಲಿ ಸರಿಯಾಗಿ ಕಂಡ ಭಾಗ ತಿಂಗಳುಗಳ ಮೇಲೆ ಕಾರಣವಿಲ್ಲದೆ ಒಡೆದಂತೆ ತೋರಬಹುದು; ಕಾರಣ ವರ್ಕ್‌ಶಾಪಿನಲ್ಲೇ ಉಂಟಾಗಿರುತ್ತದೆ. ಇದಕ್ಕೆ ಪರಿಹಾರ, ವಜ್ರದ ಪುಡಿಯನ್ನು ಹಿಡಿಸಿದ ಚಕ್ರದಿಂದ ನೀರು ಹರಿಯಿಸುತ್ತ ಮೈಕ್ರಾನುಗಳ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ಸಾಣೆಹಿಡಿಯುವುದು. ಅರಗಿನಲ್ಲಿ ಕುರುಂದದ ಪುಡಿಯನ್ನು ಕಲಸಿ ಚಕ್ರ ಮಾಡಿಕೊಂಡು ರತ್ನಗಳಿಗೆ ಸಾಣೆಹಿಡಿಯುತ್ತಿದ್ದ ನಮ್ಮ ಹಳೆಯ ಕುಶಲಿಗಳ ತತ್ತ್ವವೂ ಇದೇ. ಅರಗಿನ ಬದಲು ರಾಳ ಅಥವಾ ಕಂಚು, ಕುರುಂದದ ಬದಲು ವಜ್ರ ಬಂದಿದೆ, ಅಷ್ಟೇ.

ಬುದ್ಧಿವಂತಿಕೆಯ ಮತ್ತೊಂದು ಮಾರ್ಗವೂ ಇದೆ. ಅಲ್ಯೂಮಿನದಂತಹ ಸಾಮಾನ್ಯ ಸಿರಾಮಿಕ್ಕನ್ನು ಸುಡುವ ಮೊದಲು ಅದು ಸೀಮೆಸುಣ್ಣದಂತೆ ಮೆದುವಾಗಿರುತ್ತದೆ. ಆಗಲೇ ರಂಧ್ರಗಳನ್ನು ಕೊರೆದು ಆಮೇಲೆ ಸುಡಬಹುದು. ಸುಟ್ಟಾಗ ಅದು ಪ್ರತಿಯೊಂದು ದಿಕ್ಕಿನಲ್ಲಿಯೂ ನೂರಕ್ಕೆ ೧೫ರಿಂದ ೨೦ರಷ್ಟು ಕುಗ್ಗುವುದರಿಂದ ಮೊದಲೇ ಅಷ್ಟು ದೊಡ್ಡದಾಗಿ ಲೆಕ್ಕಹಾಕಿರಬೇಕು. ಕುಂಬಾರನು ಹಸಿಯಾಗಿರುವಾಗಲೇ ಗಡಿಗೆಯ ಬಾಯನ್ನು ತಿದ್ದುವನೇ ಹೊರತು ಸುಟ್ಟಮೇಲಲ್ಲ.

ಕಣ್ಣಿಗೆ ಕಾಣದ ಚೂರು

ಇನ್ನು ಕಟ್ಟಕಡೆಯ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ರಂಧ್ರಗಳಾದ ಮೇಲೆ ಮೇಸ್ತ್ರಿಯವರ ಹುಡುಗನೊಬ್ಬನು ಫಲಕದ ಅಂಚಿನ ಮೊನಚನ್ನು ತೆಗೆಯಲು ಕೈಗ್ರೈಂಡರನ್ನು ಹಿಡಿದು, ನೀರಿಲ್ಲದೆ, ಒಣಗಾಗಿಯೇ ಉಜ್ಜಿದನು. ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡಿದ್ದನು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಬೂದುಬಣ್ಣದ ಧೂಳು ಹೊಯ್ದಾಡುತ್ತಿತ್ತು. ನಾನು ಅದರ ಅಂದವನ್ನು ನೋಡುತ್ತ ಕುಳಿತಿದ್ದೆನು!

೧೮೫೧ರಲ್ಲಿ ಸ್ಟೋಕ್ಸ್ ಎಂಬ ಭೌತವಿಜ್ಞಾನಿ ಕೊಟ್ಟ ಸೂತ್ರದಿಂದ ಧೂಳಿನ ಕಣ ಗಾಳಿಯಲ್ಲಿ ಬೀಳುವ ವೇಗವನ್ನು ಕಂಡುಹಿಡಿಯಬಹುದು. ೫ ಮೈಕ್ರಾನಿನ ಸಿಲಿಕಾನ್ ಕಾರ್ಬೈಡ್ ಕಣ ಮೂಗಿನ ಮಟ್ಟದಿಂದ, ಎಂದರೆ ಒಂದೂವರೆ ಮೀಟರ್ ಎತ್ತರದಿಂದ, ನೆಲಕ್ಕೆ ಬೀಳಲು ಸುಮಾರು ೧೦ ನಿಮಿಷ ಬೇಕು. ವೇಗ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ೧ ಮೈಕ್ರಾನಿನ ಕಣಕ್ಕೆ ೨೫ ಪಟ್ಟು ಕಾಲ, ನಾಲ್ಕು ಗಂಟೆಗೂ ಮೇಲೆ, ಹಿಡಿಯುತ್ತದೆ. ಇದು ಗಾಳಿ ಅಲುಗಾಡದಿದ್ದಾಗಿನ ಲೆಕ್ಕ. ಫ್ಯಾನು ತಿರುಗುತ್ತಿದ್ದರೆ ಅದು ಬೀಳುವುದೇ ಇಲ್ಲವೆನ್ನಬಹುದು. ದಪ್ಪ ಧೂಳನ್ನು ಮೂಗೂ ಗಂಟಲೂ ತಡೆಯುತ್ತವೆ. ೫ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಹೋಗಿ ತಂಗಬಲ್ಲವು. ಬಿಸಿಲಕೋಲಿನಲ್ಲಿ ನಮ್ಮ ಕಣ್ಣನ್ನು ಸೆಳೆಯುವ ದಪ್ಪ ಕಣಗಳಿಗಿಂತ ಕಾಣದೆ ತೇಲುವ ಈ ಕಣಗಳಿಂದಲೇ ಅಪಾಯ ಹೆಚ್ಚು.

ಕಲ್ಲಿನ ಧೂಳು ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ಕನ್ನಡನಾಡು ಕಂಡಿದೆ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದ ಅನೇಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು. ಗುಜರಾತಿನ ಖಂಭಾತಿನಲ್ಲಿ ಅಗೇಟ್ ಕಲ್ಲನ್ನು ಸಾಣೆಹಿಡಿಯುವ ಮನೆಗಳಲ್ಲಿಯೂ ಇದೇ ರೋಗ. ಆ ಗಾಯ ಮಾಯುವುದಿಲ್ಲ. ಔಷಧದಿಂದ ಧೂಳು ಹೊರಬರುವುದಿಲ್ಲ. ಸಿಲಿಕಾನ್ ಕಾರ್ಬೈಡಿನ ಹರಳುಪುಡಿ ಬೆಣಚುಕಲ್ಲಿನಷ್ಟು ಕ್ರೂರವಲ್ಲವೆಂಬುದು ನಿಜ. ಆದರೆ ಅದರ ಸೂಜಿಯಂತಹ ಎಳೆಗಳು ಹೆಚ್ಚು ಅಪಾಯಕರವಾದವು; ಯಾವ ಗಡಸು ಧೂಳೂ ಶ್ವಾಸಕೋಶಕ್ಕೆ ಹಿತವಲ್ಲ. ಇದಲ್ಲದೆ ಅಲ್ಯೂಮಿನಿಯಮ್ಮಿನ ಸಣ್ಣ ಪುಡಿ ಗಾಳಿಯಲ್ಲಿ ದಟ್ಟವಾದರೆ ಕಿಡಿ ತಾಗಿ ಸ್ಫೋಟಿಸಬಲ್ಲದು.

ಆದುದರಿಂದ ಕೆಲವು ನಿಯಮಗಳು. ಸಾಧ್ಯವಾದಲ್ಲೆಲ್ಲ ನೀರು ಹರಿಯಿಸಿ ಕೆಲಸಮಾಡಬೇಕು. ಒಣಕೆಲಸ ಅನಿವಾರ್ಯವಾದರೆ ಧೂಳನ್ನು ಹುಟ್ಟಿದೆಡೆಯಲ್ಲೇ ಹೀರುವ, ಅಲ್ಯೂಮಿನಿಯಂ ಪುಡಿಗೆ ತಕ್ಕ ಯಂತ್ರವಿರಬೇಕು. ಕರವಸ್ತ್ರ ಸಾಲದು, ೨೦೨೦ರ ಮಹಾಮಾರಿಯಲ್ಲಿ ಎಲ್ಲರಿಗೂ ಪರಿಚಿತವಾದ ಎನ್-೯೫ ಮುಖವಾಡವನ್ನಾದರೂ ಮುಖಕ್ಕೆ ಬಿಗಿಯಾಗಿ ಕೂರುವಂತೆ ಧರಿಸಬೇಕು. ಮೇಜನ್ನು ಒತ್ತುಗಾಳಿಯಿಂದ ಊದದೆ ಒದ್ದೆಬಟ್ಟೆಯಿಂದ ಒರಸಬೇಕು. ಈ ಕೆಸರು ಲೇತಿನ ಹಾಸಿಗೆಗೂ ಶತ್ರುವೇ. ಆದುದರಿಂದ ಹಾಸಿಗೆಯನ್ನು ಮೊದಲೇ ಮುಚ್ಚಿ, ಕೆಲಸವಾದೊಡನೆ ತೊಳೆಯಬೇಕು, ಕೂಲೆಂಟನ್ನು ಸೋಸಬೇಕು. ಒದ್ದೆಯಾದ ಅಲ್ಯೂಮಿನಿಯಂ ಪುಡಿ ಜಲಜನಕವನ್ನು ಬಿಡುವುದರಿಂದ ಅದನ್ನು ಬಿಗಿಮುಚ್ಚಳದ ಡಬ್ಬದಲ್ಲಿಡಬಾರದು. ಉಕ್ಕಿನ ಕಿಡಿಯೊಡನೆ ಸೇರಿಸಬಾರದು. ಅದಕ್ಕೆ ಬೆಂಕಿ ಬಿದ್ದರೆ ನೀರು ಚೆಲ್ಲಬಾರದು, ಒಣಮರಳನ್ನು ಮುಚ್ಚಬೇಕು.

ಎಲ್ಲಕ್ಕೂ ಮೊದಲಿನ ನಿಯಮವೊಂದಿದೆ. ವಸ್ತುವನ್ನು ವರ್ಕ್‌ಶಾಪಿಗೆ ಕೊಡುವವನು ಅದು ಏನೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೆಲವು ದಿನಗಳ ಮೇಲೆ ನಾನು ಮೇಸ್ತ್ರಿಯವರ ಬಳಿಗೆ ಹಿಂದಿರುಗಿ ಕೆಟ್ಟ ಬೈರಿಗೆಗಳ ಹಣವನ್ನು ಕೊಟ್ಟು, ಫಲಕದ ನಿಜಸ್ಥಿತಿಯನ್ನೂ ಧೂಳಿನ ವಿಷಯವನ್ನೂ ವಿವರಿಸಿದೆನು. ಅವರು ಬೈರಿಗೆಯ ಮಾತನ್ನು ನಕ್ಕು ತಳ್ಳಿಹಾಕಿದರು. ಧೂಳಿನ ಮಾತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಜ್ಜಿದ ಹುಡುಗ ನನ್ನ ತಂಗಿ ಮಗ ಸಾರ್. ಮೊದಲೇ ಒಂದು ಮಾತು ಹೇಳಿದ್ದರೆ ನೀರು ಬಿಡ್ತಿದ್ದೆ” ಎಂದರು.

ಒಂದು ದಿನದ ಧೂಳಿನಿಂದ ಆ ಹುಡುಗನಿಗೆ ರೋಗ ಬರಲಾರದು. ಆದರೆ ದಿನವೂ ನನ್ನಂತಹ ಒಬ್ಬನು ಬಂದು, ದಿನವೂ ಹೇಳದೆಹೋದರೆ? ಬೈರಿಗೆ ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ದೊರೆಯುತ್ತದೆ. ಕಲ್ಲು ಕಡಿದ ಹಲ್ಲಿಗೆ ಆ ಕ್ಷಣವೇ ನೋವು ತಿಳಿಯುತ್ತದೆ. ಶ್ವಾಸಕೋಶಕ್ಕಾದರೋ ಅದು ತಿಳಿಯುವುದು ಹಲವು ವರ್ಷಗಳ ಮೇಲೆ.